ನವೆಂಬರಿನ ಜೇನು

ಶನಿವಾರ ಮಧ್ಯಾಹ್ನ ಗಂಜಿ ಬಡಿಸುವಾಗ ಒಂದು ತಟ್ಟೆ ಉಳಿಯಿತು. ಪುಲ್ಲಂಕುನ್ನಿನ ಇಗರ್ಜಿ ಹಾಸ್ಟೆಲಿನಲ್ಲಿ ನಲವತ್ತೆರಡು ಹುಡುಗಿಯರಿಗೆ ಹನ್ನೊಂದು ವರ್ಷದಿಂದ ಬೇಯಿಸಿ ಹಾಕುತ್ತಿರುವ ಕೌಸಲ್ಯಳಿಗೆ ಅದು ಯಾರ ತಟ್ಟೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕನೇ ಕ್ಲಾಸಿನ ವಿಜಿ ಮತ್ತೆ ಕಾಡಿನಂಚಿನ ತನ್ನ ಹಾಡಿಗೆ ಓಡಿಹೋಗಿದ್ದಳು.

ಸೌಟು ಹಿಡಿದುಕೊಂಡೇ ಅವಳು ಆಫೀಸಿಗೆ ಹೋದಳು. ವಾರ್ಡನ್ ಸಿಸ್ಟರ್ ಫ್ಲೋರೆಟ್ ಆಗಲೇ ರಿಜಿಸ್ಟರ್ ಮುಚ್ಚುತ್ತಿದ್ದರು.

"ಬರೆದುಬಿಟ್ಟೆ ಚೇಚಿ. ಅವಳ ಅಜ್ಜನಿಗೂ ಫೋನ್ ಮಾಡಿದೆ. ಮನೆ ಸೇರಿದ್ದಾಳಂತೆ."

"ಏನಂತ ಬರೆದ್ರಿ?"

"ಇನ್ನೇನು? ಜೇನು."

ಜೇನಿನ ಕಾಲ ಬಂತೆಂದರೆ ಹಾಡಿಗೆ ಹಾಡಿಯೇ ಕಾಡಿಗೆ ಇಳಿಯುತ್ತದೆ, ಹಾಸ್ಟೆಲಿನಲ್ಲಿರುವ ಮಕ್ಕಳೂ ಬೇಲಿ ಹಾರಿ ಹಿಂದೆ ಹೋಗುತ್ತಾರೆ. ಇದು ಸುಳ್ಳಲ್ಲ. ಆದರೆ ಹಾಸ್ಟೆಲ್ ನಡೆಸುವವರಿಗೆ ಆ ಪದ ಬಹಳ ರುಚಿಸಿಬಿಟ್ಟಿದೆ. ಮಗು ಯಾಕೆ ಹೋಯಿತು ಎಂದು ಕೇಳುವ ಕೆಲಸ ಆ ಒಂದು ಪದದಿಂದ ತಪ್ಪುತ್ತದೆ.

"ಸಿಸ್ಟರೇ, ಇದು ನವೆಂಬರು. ಈಗ ಯಾವ ಮರದಲ್ಲಿ ಜೇನಿದೆ? ನಂಗೂ ತೋರ್ಸಿ, ನಾಳೆ ಪಾಯಸಕ್ಕೆ ಹಾಕ್ತೀನಿ."

ಸಿಸ್ಟರ್ ನಕ್ಕರು. ಕೌಸಲ್ಯಳೂ ನಕ್ಕಳು. ನಗುತ್ತಲೇ ರಿಜಿಸ್ಟರ್ ತೆಗೆಸಿ ಹಿಂದಿನ ಎರಡು ಸಲದ ತಾರೀಕು ಓದಿಸಿದಳು. ಎರಡೂ ಶನಿವಾರ. ಶನಿವಾರ ಹತ್ತು ಗಂಟೆಗೆ ಸಜೀವ್ ಮಾಷ್ ಬಂದು ಇಗರ್ಜಿಯ ಮಹಡಿಯಲ್ಲಿ ಹುಡುಗಿಯರಿಗೆ ಹಾಡು ಕಲಿಸುವ ದಿನ.

ಹಾಸ್ಟೆಲ್ ನಡೆಸುವ ಧರ್ಮಕ್ಷೇತ್ರಕ್ಕೆ, ಅಂದರೆ ಬಿಷಪ್ಪರ ಆಡಳಿತಕ್ಕೆ, ಮಕ್ಕಳ ರಕ್ಷಣೆಯ ನೀತಿ ಇರಲಿಲ್ಲವೆಂದಲ್ಲ. ಇತ್ತು. ಹೊಳೆಯುವ ರಟ್ಟು, ರಟ್ಟಿನ ಮೇಲೆ ನಗುವ ಮಗು, ಒಳಗೆ ನಲವತ್ತು ಪುಟ. ಬಿಷಪ್ಪರಿಂದ ಹಿಡಿದು ಅಡುಗೆಯವಳವರೆಗೆ ಎಲ್ಲರೂ ಒಂದು ದಿನ ತರಬೇತಿಗೆ ಕೂತು ಸಹಿ ಹಾಕಿದ್ದರು. ತಿಳಿದವರು ಬರೆದ ಪುಸ್ತಕ, ಅದರಲ್ಲಿ ತಪ್ಪಿರಲಿಲ್ಲ. ಓದಿದ ಮೇಲೆ ಅದನ್ನು ಕಪಾಟಿಗೆ ಸೇರಿಸಿದವರದ್ದು ತಪ್ಪು. ದೂರಿನ ಪೆಟ್ಟಿಗೆಯನ್ನು ಇಗರ್ಜಿಯ ಪಾದ್ರಿ ವಿಕಾರಿ ಅಚ್ಚನ ಕಿಟಕಿಯ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದರು. ಚೀಟಿ ಹಾಕುವ ಮಗು ಪಾದ್ರಿಯ ಕಣ್ಣೆದುರೇ ಕೈ ಎತ್ತಬೇಕು. ಅದೂ ಮಲಯಾಳದಲ್ಲಿ ಬರೆದು. ವರ್ಷವಿಡೀ ಒಂದು ಚೀಟಿಯೂ ಬೀಳಲಿಲ್ಲ. ವಾರ್ಷಿಕ ಸಭೆಯಲ್ಲಿ ಅದನ್ನೇ ಸಾಧನೆಯೆಂದು ಓದಿದರು. ಖಾಲಿ ಪೆಟ್ಟಿಗೆಗೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅಜ್ಜ ಬೊಮ್ಮನ್ ಮೊಮ್ಮಗಳನ್ನು ಕರೆತಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದ. ಅವನು ಆಫೀಸಿನ ಕಡೆ ಹೋಗುತ್ತಿರಲಿಲ್ಲ. ಅಲ್ಲಿ ಅವನ ಮಾತು ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಕಾಡಿನವರ ಆಡುಮಾತು ಕನ್ನಡಕ್ಕೆ ಹತ್ತಿರ. ಕೌಸಲ್ಯ ಗಡಿಯಂಚಿನ ಬಾವಲಿ ಊರಿನವಳು, ಮುತ್ತಾತನ ಕಾಲದಲ್ಲೇ ಗಡಿಯ ಆಚೆಯಿಂದ ಬಂದು ಗದ್ದೆ ಮಾಡಿಕೊಂಡ ಮನೆತನ, ಮನೆಯೊಳಗೆ ಇಂದಿಗೂ ಕನ್ನಡ. ಇಡೀ ಹಾಸ್ಟೆಲಿನಲ್ಲಿ ಆ ಮಕ್ಕಳ ಮಾತು ಮಾತಾಗಿ ಕೇಳಿಸುತ್ತಿದ್ದುದು ಅವಳೊಬ್ಬಳಿಗೇ.

"ಇದೇ ಕೊನೆ ಕಣವ್ವ," ಎಂದ ಬೊಮ್ಮನ್. "ಇನ್ನೊಂದ್ಸಲ ಓಡಿ ಬಂದ್ರೆ ನಾ ಕರ್ಕಂಡು ಬರಕಿಲ್ಲ. ಇಸ್ಕೂಲು ಬುಟ್ಟು ಮನೇಲೇ ಇರ್ಲಿ."

ವಿಜಿ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. ಆ ಹಾಡಿಯಿಂದ ನಾಲ್ಕನೇ ಕ್ಲಾಸು ಮುಟ್ಟಿದ ಹುಡುಗಿ ಅವಳೊಬ್ಬಳೇ. ಅವಳ ಓದು ಇನ್ನೊಂದು ಶನಿವಾರದವರೆಗೆ ಮಾತ್ರ ಎಂಬುದು ಕೌಸಲ್ಯಳಿಗೆ ಅರ್ಥವಾಯಿತು.

ಸಂಜೆ ಅವಳು ಮರಗೆಣಸಿನ ರಾಶಿ ಸುರಿದು ವಿಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಏನೂ ಕೇಳಲಿಲ್ಲ. ಅದು ಅವಳ ಹಳೆಯ ರೀತಿ. ಮಕ್ಕಳ ಕೈಗೆ ಕೆಲಸ ಕೊಟ್ಟು ತಾನೂ ಸಿಪ್ಪೆಯ ಕಡೆಗೇ ನೋಡುತ್ತಾ ಕೂರುವುದು. ಎದುರು ನಿಲ್ಲಿಸಿ ಮುಖ ನೋಡಿದರೆ ತುಟಿ ಹೊಲಿದುಕೊಳ್ಳುವ ಮಗು, ಗೆಣಸು ಸುಲಿಯುತ್ತಾ ಊರಿನ ಕತೆಯೆಲ್ಲ ಹೇಳುತ್ತದೆ.

ಏಳನೆಯ ಗೆಣಸಿಗೆ ವಿಜಿ ಹೇಳಿದಳು: "ದೊಡ್ಡವ್ವ, ಮಾಷ್ ಎಲ್ಲಾರ್ನೂ ಕೆಳಕ್ಕೆ ಕಳುಸ್ತಾನೆ. ನನ್ನೊಬ್ಳ್ನೇ ನಿಲ್ಸ್ಕತಾನೆ. ಕದ ಹಾಕ್ತಾನೆ."

ಕೌಸಲ್ಯ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಮಿಠಾಯಿ ಕೊಡ್ತಾನೆ. ತೊಡೆ ಮ್ಯಾಲೆ ಕೂತ್ಕ ಅಂತಾನೆ. ನಂಗೆ ಬ್ಯಾಡ. ಯಾರ್ಗೂ ಹೇಳ್ಬ್ಯಾಡ ಅಂದವ್ನೆ."

ಇನ್ನೂ ಹತ್ತು ಪ್ರಶ್ನೆ ಕೌಸಲ್ಯಳ ಗಂಟಲಿಗೆ ಬಂದವು. ನುಂಗಿದಳು. ಮಗುವನ್ನು ಕೆದಕಬೇಡಿ, ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ ಎಂದು ತರಬೇತಿಯಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು.

"ಹೇಳಿದ್ದು ಒಳ್ಳೇದಾಯ್ತು ಕೂಸೇ. ನಿಂದೇನೂ ತಪ್ಪಿಲ್ಲ. ನಾನಿದನ್ನ ಹೇಳೋರಿಗೆ ಹೇಳ್ತೀನಿ."

"ಬಯ್ತಾರಾ?"

"ನಿನ್ನನ್ನಾ? ಬಯ್ಲಿ ನೋಡೋಣ. ನಾಳೆ ಅವ್ರ ಸಾರಿಗೆ ಉಪ್ಪೇ ಹಾಕಲ್ಲ."

ವಿಜಿ ಕಿಸಕ್ಕನೆ ನಕ್ಕಳು.

ಸಿಸ್ಟರ್ ಫ್ಲೋರೆಟ್ ಕೆಟ್ಟವರಲ್ಲ. ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿರುವವರು. ಆದರೂ ವಿಷಯ ಕೇಳಿದ ಕೂಡಲೇ ಅವರು ಮೊದಲು ಮಾಡಿದ ಕೆಲಸ ಬಾಗಿಲು ಹಾಕಿದ್ದು.

"ಚೇಚಿ, ಮಾಷ್ ಇಪ್ಪತ್ತು ವರ್ಷದಿಂದ ಇಗರ್ಜಿಯಲ್ಲಿ ನುಡಿಸುತ್ತಿರುವವರು. ಮಗು ಏನೋ ತಪ್ಪು ತಿಳಿದಿರಬಹುದು. ಶನಿವಾರ ಬಂದಾಗ ನಾನೇ ಮೆಲ್ಲಗೆ ಮಾತಾಡುತ್ತೇನೆ."

"ಶನಿವಾರ ಅಂತ ಆ ನೀತಿ ಪುಸ್ತಕದಲ್ಲಿ ಇದೆಯಾ?"

"ನಿಮಗೆ ಪುಸ್ತಕ ಓದಲು ಬರುವುದಿಲ್ಲವಲ್ಲ."

"ಬರಲ್ಲ. ಅದಕ್ಕೇ ನೀವು ಓದಿ. ಜೋರಾಗಿ."

ಹಾಗೆ ಕೇಳುವ ಅಧಿಕಾರ ಅಡುಗೆಯವಳಿಗೆ ಯಾರೂ ಕೊಟ್ಟಿರಲಿಲ್ಲ. ಕೆಲಸದಿಂದ ತೆಗೆದರೂ ಕೇಳುವವರಿರಲಿಲ್ಲ. ಸಿಸ್ಟರ್ ಕಪಾಟು ತೆಗೆದು, ಪುಟ ಹುಡುಕಿ, ಓದತೊಡಗಿದರು. ಮುಚ್ಚಿದ ಕೋಣೆಯಲ್ಲಿ ದೊಡ್ಡವರು ಮಗುವಿನೊಂದಿಗೆ ಒಬ್ಬರೇ ಇರಕೂಡದು. ಆರೋಪಕ್ಕೆ ಗುರಿಯಾದವರಿಗೆ ಮುಂಚಿತವಾಗಿ ಸುಳಿವು ಕೊಡಕೂಡದು. ತಿಳಿದ ದಿನವೇ, ಬೆಳಗಾಗುವವರೆಗೆ ಕಾಯದೆ... ಅಲ್ಲಿಗೆ ಬರುವಾಗ ಅವರ ದನಿ ಇಳಿದಿತ್ತು. "ತಿಳಿದ ದಿನವೇ," ಎಂದು ಇನ್ನೊಂದು ಸಲ ಓದಿ ಪುಸ್ತಕ ತಿರುಗಿಸಿದರು. ಹಿಂದಿನ ರಟ್ಟಿನ ಮೇಲೆ ಫೋನ್ ನಂಬರಿತ್ತು. ತಾವೇ ಒತ್ತಿದರು.

ಮರುದಿನ ಬೆಳಿಗ್ಗೆ ಧರ್ಮಕ್ಷೇತ್ರದ ಮಕ್ಕಳ ರಕ್ಷಣಾ ಸಮಿತಿಯ ವಕೀಲೆ ಸುಜಿತ ಸ್ಕೂಟರಿನಲ್ಲಿ ಬಂದಿಳಿದರು. ಪೊಲೀಸರಿಗೆ ರಾತ್ರಿಯೇ ತಿಳಿಸಿದ್ದೇನೆ ಎಂದರು.

ವಿಕಾರಿ ಅಚ್ಚನ್ ಕುರ್ಚಿಯಿಂದ ಅರ್ಧ ಎದ್ದರು. "ಪೊಲೀಸಾ? ಇಗರ್ಜಿಯ ಮರ್ಯಾದೆ?"

"ಅಚ್ಚಾ, ತಿಳಿಸದಿದ್ದರೆ ಜೈಲಿಗೆ ಹೋಗುವವರ ಸಾಲಿನಲ್ಲಿ ನಾನೂ ನೀವೂ ಇರುತ್ತೇವೆ. ಅಲ್ಲಿ ಮರ್ಯಾದೆ ಹೇಗಿರುತ್ತದೋ ನನಗೆ ಗೊತ್ತಿಲ್ಲ."

ಅಚ್ಚನ್ ಕೂತರು.

ಮಧ್ಯಾಹ್ನ ಒಬ್ಬ ಪೊಲೀಸ್ ಅಧಿಕಾರಿಣಿ ಸಮವಸ್ತ್ರ ಬಿಟ್ಟು ಸೀರೆಯುಟ್ಟು ಬಂದು ಅಡುಗೆಮನೆಯಲ್ಲೇ ಕೂತಳು. ಬೊಮ್ಮನನ್ನೂ ಕರೆಸಿದ್ದರು. ವಿಜಿ ಹೇಳಿದಳು, ಕೌಸಲ್ಯ ಒಂದೊಂದೇ ಮಾತನ್ನು ಮಲಯಾಳಕ್ಕೆ ತಂದಳು. ಒಂದನ್ನೂ ಕೂಡಿಸಲಿಲ್ಲ, ಒಂದನ್ನೂ ಬಿಡಲಿಲ್ಲ. "ಪ್ರೀತಿಯಿಂದ ಕರೆದಿರಬಹುದಾ?" ಎಂದು ಬಾಗಿಲಲ್ಲಿ ನಿಂತಿದ್ದ ಅಚ್ಚನ್ ಕೇಳಿದಾಗ, ಕೌಸಲ್ಯ ತಿರುಗಿಯೂ ನೋಡದೆ, "ಪ್ರೀತಿ ಅಂತ ಮಗು ಹೇಳಲಿಲ್ಲ," ಎಂದಳು. ಸುಜಿತ ಅಚ್ಚನನ್ನು ಹೊರಗೆ ಕಳಿಸಿದರು.

ಆ ವಾರವೇ ಸಜೀವ್ ಮಾಷ್ ಮೇಲೆ ಕೇಸಾಯಿತು. ಇಗರ್ಜಿಯ ಆವರಣಕ್ಕೆ ಕಾಲಿಡಬಾರದೆಂದು ಧರ್ಮಕ್ಷೇತ್ರದಿಂದ ಕಾಗದ ಬಂತು. ದೂರಿನ ಪೆಟ್ಟಿಗೆಯನ್ನು ಕಿಟಕಿಯ ಪಕ್ಕದಿಂದ ಕಿತ್ತು, ಅಚ್ಚನ ಕಣ್ಣಿಗೆ ಬೀಳದ ಬಚ್ಚಲಮನೆಯ ದಾರಿಯಲ್ಲಿ ತೂಗುಹಾಕಿದರು. ಕೌಸಲ್ಯಳನ್ನು ಸಮಿತಿಗೆ ಸೇರಿಸಿಕೊಳ್ಳುತ್ತೇವೆ ಎಂದರು ಸುಜಿತ. ಸಭೆ ಹನ್ನೊಂದಕ್ಕೆ ಬೇಡ, ಆಗ ಅನ್ನ ಬೇಯುತ್ತಿರುತ್ತದೆ, ಮೂರಕ್ಕೆ ಇಟ್ಟರೆ ಬರುತ್ತೇನೆ ಎಂದಳು ಅವಳು. ಈಗ ಸಭೆ ಮೂರು ಗಂಟೆಗೇ.

ಊರಿನಲ್ಲಿ ಗುಸುಗುಸು ಇಲ್ಲದಿರಲಿಲ್ಲ. ಬಾವಲಿಯ ಹೆಂಗಸಿಗೆ ನಮ್ಮ ಇಗರ್ಜಿಯ ಉಸಾಬರಿ ಯಾಕೆ ಎಂದರು ಕೆಲವರು. ಅದೇ ಕೆಲವರ ಹೆಂಡತಿಯರು ಅಡುಗೆಮನೆಯ ಹಿಂದಿನಿಂದ ಬಂದು ಅವಳ ಕೈ ಹಿಡಿದು ಹೋದರು. ಕೌಸಲ್ಯ ಎರಡನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳಿಗಿದ್ದ ಚಿಂತೆ ಬೊಮ್ಮನದು. ಮೊಮ್ಮಗಳನ್ನು ಇಲ್ಲಿ ಬಿಡುತ್ತೇನೆ ಎಂದೂ ಹೇಳಿರಲಿಲ್ಲ, ಕರೆದೊಯ್ಯುತ್ತೇನೆ ಎಂದೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಚೀಲ ಹಿಡಿದು ಬಂದ. ಚೀಲ ಖಾಲಿ. ವಿಜಿಯ ಬಟ್ಟೆ ತುಂಬಿಸಿಕೊಳ್ಳಲು ತಂದದ್ದು ಎಂದು ನೋಡಿದವರಿಗೇ ತಿಳಿಯುತ್ತಿತ್ತು.

"ಕೂಸು ಏನಂತದೆ?" ಎಂದು ಕೇಳಿದಳು ಕೌಸಲ್ಯ.

"ಕೇಳಿಲ್ಲ. ನೋಡ್ತೀನಿ."

ವರಾಂಡದ ಮೆಟ್ಟಿಲ ಮೇಲೆ ಕೂತ. ಹತ್ತು ಗಂಟೆಗೆ ಹತ್ತನೇ ಕ್ಲಾಸಿನ ಆತಿರ ಹುಡುಗಿಯರನ್ನು ಅಂಗಳದಲ್ಲಿ, ಹಲಸಿನ ಮರದ ಕೆಳಗೆ, ಎಲ್ಲರೆದುರು ನಿಲ್ಲಿಸಿ ಹಾಡಿಸತೊಡಗಿದಳು. ಮೊದಮೊದಲು ವಿಜಿ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ನಿಂತಿದ್ದಳು. ಯಾರೋ ಸ್ವರ ತಪ್ಪಿದರು. "ಹಂಗಲ್ಲ!" ಎಂದು ಅವಳು ಮುಂದೆ ಬಂದು ತಿದ್ದಿದಳು. ಆಮೇಲೆ ಹಿಂದಿನ ಸಾಲಿಗೆ ಹೋಗಲೇ ಇಲ್ಲ.

ಮಧ್ಯಾಹ್ನ ಕೌಸಲ್ಯ ಬೊಮ್ಮನಿಗೂ ಗಂಜಿ ಬಡಿಸಿದಳು. ಅವನು ಉಂಡ, ಮತ್ತೆ ಅದೇ ಮೆಟ್ಟಿಲಿಗೆ ಹೋಗಿ ಕೂತ. ಹುಡುಗಿಯರು ಬಟ್ಟೆ ಒಗೆದರು, ಜಗಳವಾಡಿದರು, ಲೆಕ್ಕ ಮಾಡಿದರು. ನಾಲ್ಕಕ್ಕೆ ಅವನು ಎದ್ದು ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಬತ್ತೀನಿ ಕಣವ್ವ," ಎಂದು ಹೇಳಿ, ನಾಲ್ಕೂವರೆಯ ಬಸ್ಸಿಗೆ ಒಬ್ಬನೇ ಗುಡ್ಡ ಇಳಿದ.