ಬೆರಳಿಟ್ಟು ತೋರಿಸು

ನಮ್ಮ ಉಪದೇಶಿಗಳ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಹುಡುಗನಾಗಿದ್ದಾಗ ಬಾವಿಯ ರಾಟೆಗೆ ಸಿಕ್ಕಿ ಹೋಗಿತ್ತಂತೆ. ಬೆರಳ ತುದಿ ಚಪ್ಪಟೆಯಾಗಿ, ಬೇಯಿಸಿದ ಅವರೆಕಾಳಿನ ಹಾಗೆ ನುಣ್ಣಗಿತ್ತು. ವೇದದ ಪುಸ್ತಕ, ಅಂದರೆ ಬೈಬಲು, ಓದುವಾಗ ಆ ಬೆರಳನ್ನು ಸಾಲಿನ ಕೆಳಗಿಟ್ಟು ಒಂದೊಂದೇ ಮಾತಿಗೆ ಸರಿಸುತ್ತಿದ್ದರು. ಮುಂದೆ ಕೂತ ಮಕ್ಕಳು ನಾವು ಮಾತು ಬಿಟ್ಟು ಬೆರಳನ್ನೇ ನೋಡುತ್ತಿದ್ದೆವು.

ದೊಡ್ಡಬಳ್ಳಾಪುರದಿಂದ ಪಕ್ಕದ ಮಧುರೆ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಕೇರಿ. ಕ್ರೈಸ್ತರ ಮನೆ ಎಂಟೇ ಎಂಟು. ಮಣ್ಣಿನ ಗೋಡೆಯ ಒಂದು ಪ್ರಾರ್ಥನೆ ಮನೆ. ಪಾದ್ರಿ ಅಯ್ಯನೋರು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಹೋಗುತ್ತಿದ್ದರು. ಉಳಿದ ಭಾನುವಾರವೆಲ್ಲ ಉಪದೇಶಿಗಳದೇ. ಯುದ್ಧದ ಕಾಲ. ಅಕ್ಕಿ ಇಲ್ಲ, ಸೀಮೆಎಣ್ಣೆ ಇಲ್ಲ, ಚಳಿಜ್ವರ ಮಾತ್ರ ಮನೆಮನೆಗೂ ಧಾರಾಳವಾಗಿತ್ತು.

ಪುಸ್ತಕದ ಕೊನೆಗೆ ಹತ್ತಿರ ಒಂದು ಪುಟ್ಟ ಪತ್ರವಿದೆ, ಒಂದೇ ಅಧ್ಯಾಯ. ಸಭೆಯೊಳಗೆ ಮೆಲ್ಲಗೆ ನುಸುಳಿ ಸುಳ್ಳು ಬೋಧಿಸುವವರ ವಿಷಯ, ಕೈಗೆ ಸಿಕ್ಕ ನಂಬಿಕೆಯನ್ನು ಬಿಡದೆ ಹಿಡಿದುಕೊಳ್ಳಿ ಎನ್ನುವ ವಿಷಯ. ಆ ವರ್ಷ ಅದನ್ನೇ ಹಿಡಿದರು. ಭಾನುವಾರಕ್ಕೆ ಒಂದೋ ಎರಡೋ ವಾಕ್ಯ. ಶುರು ಮಾಡಿದಾಗ ರಾಗಿ ಬಿತ್ತನೆ, ಮುಗಿಯುವಾಗ ತೆನೆ ಬಲಿತಿತ್ತು.

"ಕಳ್ಳ ಹಿತ್ಲಿಂದ ಬತ್ತಾನೆ ಅಂತ ಕಾಯ್ತಾ ಕೂತಿದ್ದೀರಾ? ಇವ್ನು ಮುಂಬಾಗ್ಲಲ್ಲೇ ಬತ್ತಾನೆ. ಕೈ ಮುಗೀತಾನೆ. ನಿಮ್ ಮಗೀನ ಎತ್ಕೊಂಡು ಮುದ್ದಾಡ್ತಾನೆ," ಎನ್ನುವರು. ನೀರಿಲ್ಲದ ಮೋಡ ಎಂಬ ಮಾತು ಬಂದ ಭಾನುವಾರ ಬೆರಳು ಅಲ್ಲೇ ನಿಂತಿತು. "ಮೋಡ ಕಂಡ್ಬುಟ್ಟು ಬಿತ್ತನೆ ರಾಗಿ ಎಲ್ಲಾ ಎರಚ್ಬುಟ್ರೆ ನಷ್ಟ ಯಾರ್ಗೆ? ಮೋಡಕ್ಕಾ?"

ಮನೆಗೆ ಹೋಗುವಾಗ ಅಮ್ಮ ಗೊಣಗುವಳು: "ಮಿಶನ್ ದೊರೆಗಳು ಸಂಬ್ಳ ಕೊಡ್ತಾರೆ, ಅದ್ಕೆ ಕೂಗ್ತಾರೆ ಬಿಡು." ಅಪ್ಪ ಸತ್ತ ಮೇಲೆ ಅವಳಿಗೆ ಯಾರ ಮಾತೂ ರುಚಿಸುತ್ತಿರಲಿಲ್ಲ. ನನಗೂ ಅವರ ಮೇಲೆ ಅನುಮಾನವೇ. ಇಷ್ಟು ಎಚ್ಚರಿಸುವವರು ತಾವೇ ಯಾಕೆ ನುಸುಳಿ ಬಂದವರಾಗಿರಬಾರದು ಎಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಅವರು ಎಂದಿನ ದನಿಯಲ್ಲೇ ಓದಿದರು: "ತನ್ನ ಬೋಧಕನ ಹೊಲವನ್ನು ಕೂಲಿಯಿಲ್ಲದೆ ಉಳುವವನ ಹೊಲಕ್ಕೆ ಮೊದಲ ಮಳೆ ಬೀಳುವದು." ಎಲ್ಲರೂ ಆಮೆನ್ ಎಂದರು. ಜೋಡೆತ್ತು ಇಟ್ಟಿದ್ದ ಸಭೆಯ ಹಿರಿಯರೊಬ್ಬರು ಎದ್ದೇ ನಿಂತರು: "ನಾಳೇನೇ ನೇಗ್ಲು ತತ್ತೀನಿ, ಉಪ್ದೇಶಿಗಳೆ."

ಉಪದೇಶಿಗಳು ಪುಸ್ತಕ ಮುಚ್ಚಿದರು. "ಕೂತ್ಕಳಿ. ಆ ಮಾತು ಇದ್ರಲ್ಲಿ ಇಲ್ಲ. ನಾನು ಈಗ್ಲೇ ಹುಟ್ಟಿಸ್ದೆ. ನೀವೆಲ್ಲ ಆಮೆನ್ ಅಂದ್ರಿ."

ಹಿರಿಯರು ಕೂರದೆ ಸಿಡಿದರು: "ನೀವೇ ಸುಳ್ಳು ಓದಿದ್ರೆ ನಾವೇನ್ಮಾಡಾನ? ನಮ್ಗೆ ಓದಾಕೆ ಬತ್ತದಾ?"

"ಅದ್ಕೇ ಕಲೀರಿ. ನನ್ನೂ ನಂಬ್ಬೇಡಿ. ಯಾರೇ ಏನೇ ಹೇಳ್ಲಿ, ಎಲ್ಲಿ ಬರ್ದದೆ, ಬೆರಳಿಟ್ಟು ತೋರ್ಸಿ ಅಂತ ಕೇಳಿ."

ಗಂಡಸರು ಕಲಿಯಲು ಬರಲಿಲ್ಲ, ಕೋಪ. ನಾನೂ ಇನ್ನಿಬ್ಬರು ಹುಡುಗಿಯರೂ ಹೋದೆವು. ನೆಲದ ಮರಳಿನಲ್ಲಿ ಅಕ್ಷರ ಬರೆಸಿ, ಆ ಒಂದು ಪತ್ರವನ್ನೇ ಮತ್ತೆ ಮತ್ತೆ ಓದಿಸಿದರು. ನನ್ನ ಓದೆಂದರೆ ಅಷ್ಟೇ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ದಿನ ಅವರನ್ನೇ ಕೇಳಿದೆ, "ದೊರೆಗಳು ಸಂಬ್ಳ ಕೊಡ್ತಾರಂತ ನೀವು ಇದ್ನೆಲ್ಲ ಹೇಳ್ತೀರಂತೆ?" ಸಿಟ್ಟಾಗಲಿಲ್ಲ. "ಇರ್ಬೋದು ಕಣಮ್ಮ. ಅದ್ಕೇ ನೀನು ಓದು," ಎಂದರು.

ಹೊಸಕೋಟೆ ಕಡೆ ಅಂಥ ಬೋಧಕನೊಬ್ಬ ತಿರುಗುತ್ತಿದ್ದಾನೆಂದು ಅವರಿಗೆ ಮೊದಲೇ ಸುದ್ದಿಯಿತ್ತು. ಮಳೆ ನಿಂತ ಮೇಲೆ ಅವನು ನಮ್ಮ ಕೇರಿಗೂ ಬಂದ. ಉದ್ದನೆಯ ಬಿಳಿ ನಿಲುವಂಗಿ, ಕೈಯಲ್ಲಿ ಎಣ್ಣೆ ಬುಡ್ಡಿ, ತೆಲುಗು ಬೆರೆತ ಸಿಹಿ ಮಾತು. ಹಿರಿಯರ ಮನೆ ಅಂಗಳದಲ್ಲೇ ದಿನವೂ ಕೂಟ. ಎಂಟು ಮನೆಯಲ್ಲಿ ಆರು ಮನೆ ಅವನ ಹಿಂದೆ ಹೋಯಿತು, ನಮ್ಮದೂ ಸೇರಿ. ಔಷಧಿ ಕುಡಿದವನು ದೇವರನ್ನು ನಂಬದವನು, ಎಣ್ಣೆ ಹಚ್ಚಿ ಕಾಯಬೇಕು, ಹಾಗೆಂದು ಬರೆದಿದೆ ಎನ್ನುತ್ತಿದ್ದ. ಹೇಳುವಾಗ ಪುಸ್ತಕದ ಮೇಲೆ ಕೈ ಬಡಿಯುತ್ತಿದ್ದ, ತೆರೆಯುತ್ತಿರಲಿಲ್ಲ.

ನನ್ನ ತಂಗಿಗೆ ಮೂರು ವರ್ಷ. ದಿನ ಬಿಟ್ಟು ದಿನ ಚಳಿಜ್ವರ. ಉಪದೇಶಿಗಳು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ನಡೆದುಹೋಗಿ ಕಾಂಪೌಂಡರನ್ನು ಬೇಡಿ ಕ್ವಿನೈನು ಮಾತ್ರೆ ತಂದುಕೊಟ್ಟಿದ್ದರು. ಅಮ್ಮ ಅದನ್ನು ಕಾಗದದ ಸಮೇತ ತಿಪ್ಪೆಗೆ ಎಸೆದದ್ದನ್ನು ನಾನು ಕಣ್ಣಾರೆ ಕಂಡೆ. "ಯಾರ್ಗಾದ್ರೂ ಹೇಳಿದ್ರೆ ನಾಲ್ಗೆ ಸೀಳ್ಬುಡ್ತೀನಿ," ಎಂದಳು. ನಾನು ಹೇಳಲಿಲ್ಲ. ಮೂರನೆಯ ಸರದಿ ಜ್ವರಕ್ಕೆ ಮಗು ಕಣ್ಣು ಮೇಲೆ ಮಾಡಲು ಶುರುಮಾಡಿತು.

ಆ ಮಧ್ಯಾಹ್ನ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕೂಟದಲ್ಲಿ ಕೂತಿದ್ದಳು. ಅವನು ಹಣೆಗೆ ಎಣ್ಣೆ ಸವರಿ, "ಇನ್ನೂ ನಿನ್ನಲ್ಲಿ ಸಂಶಯವಿದೆಯಮ್ಮಾ, ಅದಕ್ಕೇ ಜ್ವರ ಬಿಡಲಿಲ್ಲ," ಎಂದ. ಅಮ್ಮನ ಮುಖ ನೋಡಿದೆ. ಮಗು ಸತ್ತರೆ ತಪ್ಪು ತನ್ನದೇ ಎಂದು ಒಪ್ಪಿಕೊಂಡುಬಿಟ್ಟಿದ್ದಳು.

"ಎಲ್ಲಿ ಬರ್ದದೆ? ಬೆರಳಿಟ್ಟು ತೋರ್ಸಿ," ಎಂದೆ.

ಅವನು ನಕ್ಕ. ಹನ್ನೊಂದು ವರ್ಷದ ಕೇರಿಯ ಹುಡುಗಿಗೆ ಓದು ಬರುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಪುಸ್ತಕ ಅಗಲಿಸಿ ಎಲ್ಲೋ ಒಂದು ಕಡೆ ಬೆರಳಿಟ್ಟ. ಉಗುರಿದ್ದ, ಎಣ್ಣೆ ಜಿಡ್ಡಿನ ಬೆರಳು. ನಾನು ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಯಾರೋ ಯಾರನ್ನೋ ಹೆತ್ತ, ಅವನು ಇನ್ನೊಬ್ಬನನ್ನು ಹೆತ್ತ, ಇಷ್ಟು ವರ್ಷ ಬದುಕಿ ಸತ್ತ. ಬರೀ ಹೆಸರುಗಳು. ಔಷಧಿಯೂ ಇಲ್ಲ, ಎಣ್ಣೆಯೂ ಇಲ್ಲ.

ಹಿಂದೆ ಯಾರೋ ಕಿಸಕ್ಕೆಂದರು. "ಈ ಹುಡುಗಿಗೆ ದೆವ್ವ ಹಿಡಿದಿದೆ!" ಎಂದು ಅವನು ಕೂಗಿದ.

ಅಮ್ಮ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದಳು. ಐದು ಬೆರಳೂ ಮೂಡಿದವು. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಸರಸರನೆ ನಡೆದಳು. ನಮ್ಮ ಮನೆ ದಾಟಿದಳು. ಉಪದೇಶಿಗಳ ಬಾಗಿಲಲ್ಲಿ ಹೋಗಿ ನಿಂತಳು.

ಅವರು ತಮ್ಮ ಜ್ವರಕ್ಕೆಂದು ಇಟ್ಟುಕೊಂಡಿದ್ದ ಮಾತ್ರೆ ಅರೆದು, ಬೆಲ್ಲದಲ್ಲಿ ಕಲಸಿ, ಅದೇ ಬೆರಳಿನಿಂದ ಮಗುವಿನ ನಾಲಿಗೆಗೆ ತೀಡಿದರು. ತಂಗಿ ಉಳಿದಳು. ಈಗ ಅವಳಿಗೂ ಮೊಮ್ಮಕ್ಕಳು, ನನಗಿಂತ ಜೋರು ಬಾಯಿ.

ಅವನು ಊರು ಬಿಟ್ಟ ಮೇಲೆ ಹಿರಿಯರಿಗೆ ಭಕ್ತಿ ಬಂತು. ಸುಳ್ಳುಬೋಧಕನ ಹಿಂದೆ ಹೋದವಳಿಗೆ ಆರು ತಿಂಗಳು ಕರ್ತನ ಭೋಜನ ಬೇಡ ಎಂದು ಸಭೆಯಲ್ಲಿ ಎತ್ತಿದರು. ಕೂಟ ನಡೆದದ್ದು ಅವರ ಅಂಗಳದಲ್ಲೇ. ಆದರೂ ಶಿಕ್ಷೆ ಗಂಡಸಿಲ್ಲದ ಮನೆಗೆ. "ನೀವೇ ಹೇಳಿದ್ರಲ್ಲ ಉಪ್ದೇಶಿಗಳೆ, ಇಂಥವ್ರ ವಿರುದ್ಧ ಹೋರಾಡಿ ಅಂತ," ಎಂದರು.

ಉಪದೇಶಿಗಳು ನನ್ನನ್ನು ಕರೆದು ಅದೇ ಪತ್ರದ ಕೊನೆಯ ಭಾಗದಲ್ಲಿ ಬೆರಳಿಟ್ಟರು. "ಓದಮ್ಮ." ಓದಿದೆ. ಸಂಶಯದಲ್ಲಿ ಬಿದ್ದವರನ್ನು ಕರುಣಿಸಿ, ಕೆಲವರನ್ನು ಬೆಂಕಿಯಿಂದ ಎಳೆದು ಉಳಿಸಿ ಎಂಬರ್ಥದ ಮಾತು.

"ಮೊದ್ಲು ಬರ್ದಿದ್ದನ್ನ ಓದ್ಬುಟ್ಟು ಕೊನೇದ್ನ ಬಿಟ್ರೆ ಅದೂ ಸುಳ್ಳುಬೋಧನೇನೇ," ಎಂದರು. ಹಿರಿಯರು ಕೂತರು. ಮುಂದಿನ ತಿಂಗಳು ಅಮ್ಮ ಎಲ್ಲರ ಜೊತೆ ಕರ್ತನ ಭೋಜನದ ರೊಟ್ಟಿ ತೆಗೆದುಕೊಂಡಳು.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ಚಳಿಜ್ವರದಲ್ಲೇ ತೀರಿಕೊಂಡರು. ಮದ್ದು ಕುಡಿದೂ ಸತ್ತರಲ್ಲ ಎಂದು ಕೆಲವರು ಆಡಿಕೊಂಡರು. ಮದ್ದು ಕುಡಿದವನು ಸಾಯುವುದಿಲ್ಲವೆಂದು ಅವರು ಎಂದೂ ಹೇಳಿರಲಿಲ್ಲ, ಅದಕ್ಕೆ ನಾನು ಸಾಕ್ಷಿ.

ಗುಂಡಿಯ ಬಳಿ ಅಯ್ಯನೋರು ಚೆನ್ನಾಗಿಯೇ ಮಾತಾಡಿದರು. ಹೆಂಗಸರೆಲ್ಲ ಅತ್ತರು, ಅಮ್ಮ ಎಲ್ಲರಿಗಿಂತ ಹೆಚ್ಚು. ಕೊನೆಗೆ ಅಯ್ಯನೋರು, "ಈ ಮನುಷ್ಯನು ಆ ಪ್ರಾರ್ಥನೆ ಮನೆಯಲ್ಲಿ ನಿಂತು ಜನ್ಮದಲ್ಲಿ ಒಂದು ಸುಳ್ಳನ್ನೂ ಓದಿದವನಲ್ಲ," ಎಂದರು.

ಎಲ್ಲರೂ ಆಮೆನ್ ಎಂದರು. ಹಿರಿಯರೂ ಎಂದರು.

ನಾನು ಅನ್ನಲಿಲ್ಲ.