ಯೋನ್ಕಾಳ ಕಂಪ್ಯೂಟರಿನಲ್ಲಿದ್ದ ದೋಬ್ರಿಯ ಅಕ್ಷರಗಳು

ಸೆವ್ಲಿಯೆವೊ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಪಾದ್ರಿಯ ಮನೆಗೆ ಹೋಗುತ್ತಿದ್ದರು, ಆಮೇಲೆ ಯೋನ್ಕಾಳ ಮನೆಗೆ. ಮೊದಲು ಯೋನ್ಕಾಳ ಮನೆಗೇ ಹೋದವರೂ ಉಂಟು. ಹೆಣ ಎತ್ತುವ ಮೊದಲೇ ಸತ್ತವರ ಕಾಗದ ಮನೆಯ ಬಾಗಿಲಿಗೆ, ಬೀದಿಯ ಕಂಬಕ್ಕೆ, ಬಸ್ಸು ನಿಲ್ಲುವ ಜಾಗಕ್ಕೆ ಅಂಟಿರಬೇಕು. ಕಪ್ಪು ಅಂಚು, ನಡುವೆ ಭಾವಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ, ಅಗಲಿಕೆಯ ನಾಲ್ಕು ಮಾತು. ಒಂದು ಸಲ ಅಂಟಿಸಿದರೆ ತೀರಲಿಲ್ಲ. ನಲವತ್ತನೆಯ ದಿನಕ್ಕೆ ಒಂದು, ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು, ಹತ್ತನೆಯ ವರ್ಷಕ್ಕೆ ಮತ್ತೊಂದು. ಹೀಗಾಗಿ ಆ ಊರಿನ ಸತ್ತವರು ಅಷ್ಟು ಸುಲಭವಾಗಿ ಊರು ಬಿಟ್ಟು ಹೋಗುವುದಿಲ್ಲ. ಕಂಬದ ಮೇಲೆ ನಿಂತು ಸಂತೆಗೆ ಹೋಗುವವರ ಚೀಲದಲ್ಲಿ ಏನಿದೆ ಎಂದು ನೋಡುತ್ತಲೇ ಇರುತ್ತಾರೆ.

ಯೋನ್ಕಾಳಿಗೆ ಎಪ್ಪತ್ತೊಂದು. ಮದುವೆಯಾಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರ ಕಾಗದಗಳನ್ನೆಲ್ಲ ಅವಳೇ ಅಚ್ಚು ಹಾಕಿ ಕೊಟ್ಟಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ, ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ, ಅವಳ ಕಂಪ್ಯೂಟರ್ ಕೂತಿತ್ತು. ಆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿಗೆ, ವಯಸ್ಸಾಗಿತ್ತು. ಬೆಳಿಗ್ಗೆ ಒತ್ತಿದೊಡನೆ ಪರದೆಯ ಮೇಲೆ ಒಂದು ಹಲಗೆ ಬರುತ್ತಿತ್ತು: ಇದಕ್ಕೆ ಇನ್ನು ಯಾರ ಆಸರೆಯೂ ಇಲ್ಲ, ಹೊಸದನ್ನು ಹಾಕಿಕೊಳ್ಳುತ್ತೀರಾ? ಯೋನ್ಕಾ ಪ್ರತಿ ಬೆಳಿಗ್ಗೆ 'ಆಮೇಲೆ' ಎಂಬಲ್ಲಿ ಒತ್ತಿ ಕಾಫಿಗೆ ನೀರಿಡುತ್ತಿದ್ದಳು. ಹೀಗೆ ಒತ್ತುತ್ತ ನಾಲ್ಕು ವರ್ಷ ಕಳೆದಿತ್ತು.

ಕೆಳಗಿನ ಅಂತಸ್ತಿನಲ್ಲಿ ಇಸ್ಕ್ರಾಳ ರಿಪೇರಿ ಅಂಗಡಿ. ನಲವತ್ತೈದರ ಗಟ್ಟಿ ಹೆಂಗಸು, ಬಾಯಿ ಇನ್ನೂ ಗಟ್ಟಿ. ಆ ಶರತ್ಕಾಲದಲ್ಲಿ ಅವಳು ಮೇಲೆ ಬಂದಾಗ ಯೋನ್ಕಾ ಬಾಲ್ಕನಿಯಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತಿದ್ದಳು. ಊರಿಗೆ ಊರೇ ಆ ವಾರ ಅದೇ ವಾಸನೆಯಲ್ಲಿ ಮುಳುಗಿತ್ತು.

"ಚಿಕ್ಕಮ್ಮ, ನಿನ್ನ ಪ್ರಿಂಟರ್ ಸತ್ತೋಯ್ತು," ಎಂದಳು ಇಸ್ಕ್ರಾ, ಅದರ ಹೊಟ್ಟೆಯೊಳಗಿಂದ ಕೈ ತೆಗೆದು. "ಇದರ ಶಾಯಿ ಡಬ್ಬಿ ಮಾಡೋರೇ ಇಲ್ಲ. ಹೊಸದು ತಂದ್ಕೊಡ್ತೀನಿ. ಆದ್ರೆ ಹೊಸ ಪ್ರಿಂಟರ್ ನಿನ್ನ ಈ ಮುದಿ ವ್ಯವಸ್ಥೆ ಹತ್ರ ಮಾತಾಡಲ್ಲ. ಅದನ್ನೂ ಬದಲಾಯಿಸ್ಬೇಕು."

"ಬದಲಾಯಿಸಿದ್ರೆ ನನ್ನ ಅಕ್ಷರ?"

"ಅದನ್ನ ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಲ್ಲ. ಬರಲ್ಲ. ಆ ಅಕ್ಷರ ಇರೋದು ನಿಮ್ಮ ಮುದ್ರಣಾಲಯದ ಇಂಜಿನಿಯರು ಬರೆದ ಪ್ರೋಗ್ರಾಮಿನ ಒಳಗೆ. ಹೊಸ ವ್ಯವಸ್ಥೆ ಅದನ್ನ ಹೊಸ್ತಿಲು ದಾಟೋಕೂ ಬಿಡಲ್ಲ."

"ಹಳೇದು ಹಾಗೇ ಇರ್ಲಿ ಬಿಡು ಮತ್ತೆ."

"ಇರ್ಲಿ. ಪರದೆ ಮೇಲೆ ಸತ್ತೋರ ಹೆಸರು ಬರಿ, ಇಡೀ ಕಂಪ್ಯೂಟರನ್ನೇ ಹೊತ್ಕೊಂಡೋಗಿ ಕಂಬಕ್ಕೆ ಕಟ್ಟೋಣ." ಇಸ್ಕ್ರಾ ಸುಟ್ಟ ಮೆಣಸಿನಕಾಯಿಯೊಂದನ್ನು ಎತ್ತಿ ಸಿಪ್ಪೆ ಸುಲಿಯತೊಡಗಿದಳು. "ಸ್ಪೇನಿಗೆ ದುಡಿಯೋಕೆ ಹೋದ ಮಕ್ಕಳು ಫೋನಲ್ಲಿ ಕಳಿಸೋ ಸತ್ತೋರ ಫೋಟೋನೂ ಇದರಲ್ಲಿ ತೆರೆಯಲ್ಲ. ಜನ ಸಂತೆ ಪಕ್ಕದ ಅಂಗಡಿಗೆ ಹೋಗ್ತಿದ್ದಾರೆ, ನಿನಗೂ ಗೊತ್ತು. ಬೇಕಾದ್ರೆ ಒಂದೊಂದು ಅಕ್ಷರದ ಚಿತ್ರ ತೆಗೆದು ಇಟ್ಕೊಡ್ತೀನಿ."

"ಚಿತ್ರ ತಗೊಂಡು ಏನು ಮಾಡ್ಲಿ? ಗೋಡೆಗೆ ನೇತಾಕೋಕೆ ನನ್ನ ಹತ್ರ ಗಂಡನ ಚಿತ್ರಾನೇ ಇಲ್ಲ, ಅಕ್ಷರದ ಚಿತ್ರ ನೇತಾಕ್ಲಾ?"

ಇಸ್ಕ್ರಾ ನಕ್ಕಳು. ಯೋನ್ಕಾ ನಗಲಿಲ್ಲ.

ಅಕ್ಷರದ ಚಿತ್ರವೆಂದರೆ ಅಕ್ಷರವಲ್ಲ ಎಂದು ಅವಳಿಗೆ ಕಲಿಸಿಕೊಟ್ಟವನು ದೋಬ್ರಿ. ಊರಿನ ಮುದ್ರಣಾಲಯ ಇನ್ನೂ ಉಸಿರಾಡುತ್ತಿದ್ದ ಕಾಲ. ಯೋನ್ಕಾ ಅಲ್ಲಿ ಅಚ್ಚುಮೊಳೆ ಜೋಡಿಸುವವಳು, ದೋಬ್ರಿ ಫಲಕ ಬರೆಯುವವನು. ಮೊದಲ ಕಂಪ್ಯೂಟರ್ ಬಂದಾಗ ಅದರ ಜೊತೆ ಬಂದಿದ್ದ ಅಕ್ಷರಗಳನ್ನು ನೋಡಿ ದೋಬ್ರಿ, "ಇವು ಬೇಲಿ ಗೂಟ ಇದ್ದಂಗಿವೆ," ಎಂದು ಮುಖ ತಿರುಗಿಸಿದ್ದ. ತಮ್ಮ ಭಾಷೆಯ ಮೂವತ್ತೂ ಅಕ್ಷರಗಳನ್ನು ತಾನೇ ಶಾಯಿಯಲ್ಲಿ ಬರೆದ. ಇಂಜಿನಿಯರು ಅವನ್ನು ಯಂತ್ರದೊಳಗೆ ಇಳಿಸಿದ. ಆದರೆ ಇಳಿದ ಮೇಲೂ ಅವು ಅಪರಿಚಿತರಂತೆ ನಿಂತಿದ್ದವು.

"ಅಕ್ಷರ ಬರೆಯೋದು ಯಾರಿಗಾದ್ರೂ ಬರುತ್ತೆ," ಎಂದಿದ್ದ ದೋಬ್ರಿ. "ಎರಡು ಅಕ್ಷರದ ನಡುವೆ ಎಷ್ಟು ಜಾಗ ಬಿಡ್ಬೇಕು ಅನ್ನೋದೇ ಕಸುಬು."

ಹಾಗೆ ಎರಡು ಚಳಿಗಾಲ ಅವರಿಬ್ಬರೂ ಕೂತರು. ಮೂವತ್ತು ಅಕ್ಷರಗಳಲ್ಲಿ ಪ್ರತಿಯೊಂದರ ಪಕ್ಕದಲ್ಲಿಯೂ ಪ್ರತಿಯೊಂದನ್ನೂ ನಿಲ್ಲಿಸಿ ನೋಡುವುದು, ಒಂಬೈನೂರು ಜೋಡಿ. ಎಲ್ಲರೂ ಮನೆಗೆ ಹೋದ ಮೇಲೆ ಒಲೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ದೋಬ್ರಿ ಪರದೆಗೆ ಕಣ್ಣು ಕೀಲಿಸುತ್ತಿದ್ದ, ಯೋನ್ಕಾ ಅಂಕಿ ಒತ್ತುತ್ತಿದ್ದಳು.

"ಇನ್ನೊಂದು ಕೂದಲೆಳೆ ಹತ್ತಿರ."

"ಇಷ್ಟು ಸಾಕಾ?"

"ಸಾಕು ಅನ್ಸಲ್ಲ. ಆದ್ರೆ ಇದಕ್ಕಿಂತ ಹತ್ತಿರ ಬಂದ್ರೆ ಒಂದನ್ನೊಂದು ತಿಂದ್ಬಿಡ್ತಾವೆ. ಅಲ್ಲೇ ಇರ್ಲಿ."

ಅವರ ನಡುವೆ ನಡೆದದ್ದು ಇಷ್ಟೇ. ಒಂದು ದಿನವೂ ಅವನ ಕೈ ಅವಳ ಕೈಗೆ ತಾಗಲಿಲ್ಲ. ಅವನಿಗೆ ವೆಲಿಕಾ ಎಂಬ ಹೆಂಡತಿಯಿದ್ದಳು, ಇಬ್ಬರು ಗಂಡುಮಕ್ಕಳಿದ್ದರು. ಮುದ್ರಣಾಲಯ ಮುಚ್ಚಿದಾಗ ಯೋನ್ಕಾ ಆ ಪ್ರೋಗ್ರಾಮನ್ನು ಮಡಿಲಲ್ಲಿ ಬೆಕ್ಕಿನ ಮರಿ ತರುವಂತೆ ಮನೆಗೆ ತಂದಳು. ಯಂತ್ರ ಮೂರು ಸಲ ಬದಲಾಯಿತು, ಅಕ್ಷರ ಬದಲಾಗಲಿಲ್ಲ. ದೋಬ್ರಿ ತೀರಿಕೊಂಡ ದಿನ ಅವನ ಹೆಸರನ್ನು ಅವನ ಅಕ್ಷರಗಳಲ್ಲೇ ಜೋಡಿಸಿ ಕಾಗದ ಮಾಡಿದವಳೂ ಅವಳೇ. ಬೇರೆಯವರ ಸಾವಿನ ಕೆಲಸ ಬಂದಾಗಲೂ ಅವಳಿಗೆ ಒಳಗೊಳಗೆ ಒಂದು ಸಮಾಧಾನ: ಕೀಲಿಮಣೆಯ ಮೇಲೆ ಬೆರಳಿಟ್ಟರೆ ಎರಡಕ್ಷರ ಬಂದು ಪಕ್ಕಪಕ್ಕ ನಿಲ್ಲುತ್ತಿದ್ದವು, ಅವುಗಳ ನಡುವೆ ದೋಬ್ರಿ 'ಅಲ್ಲೇ ಇರ್ಲಿ' ಎಂದ ಜಾಗ ಹಾಗೇ ಇರುತ್ತಿತ್ತು. 'ಆಮೇಲೆ' ಎಂದು ಅವಳು ನಾಲ್ಕು ವರ್ಷ ತಳ್ಳಿಕೊಂಡು ಬಂದದ್ದು ಇದಕ್ಕೆ.

ಪ್ರಿಂಟರ್ ಸತ್ತ ಮೂರನೆಯ ದಿನಕ್ಕೆ ವೆಲಿಕಾ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲೇ ಹೇಳಿದಳು:

"ಶನಿವಾರಕ್ಕೆ ಅವನು ಹೋಗಿ ಹತ್ತು ವರ್ಷ. ಇಪ್ಪತ್ತು ಕಾಗದ ಬೇಕು. ಮೊದಲಿನ ಹಾಗೇ ಇರ್ಲಿ, ಬೇಲಿ ಗೂಟದ ಅಕ್ಷರ ಬೇಡ. ಅವನು ಎದ್ದು ಬಂದು ಬೈತಾನೆ."

ಯೋನ್ಕಾ ಆಗಲಿ ಎಂದು ಅವಳನ್ನು ಕಳಿಸಿ, ಕೆಳಗಿಳಿದು ಇಸ್ಕ್ರಾಳಿಗೆ ಹೇಳಿದಳು. ಇಸ್ಕ್ರಾ ಬೈಯುತ್ತ ಹೋಗಿ, ಮುಚ್ಚಿದ ಕಚೇರಿಯೊಂದರ ಉಗ್ರಾಣದಿಂದ ಅರ್ಧ ಒಣಗಿದ ಶಾಯಿಯ ಡಬ್ಬಿಯೊಂದನ್ನು ಹುಡುಕಿ ತಂದಳು.

"ಇಪ್ಪತ್ತೋ ಇಪ್ಪತ್ತೆರಡೋ ಹಾಳೆ ಬರಬೋದು. ಆಮೇಲೆ ಈ ಜಗತ್ತಲ್ಲಿ ಇನ್ನೊಂದು ಡಬ್ಬಿ ಇಲ್ಲ ಅಂದ್ಕೋ. ಇದು ಮುಗಿದ್ಮೇಲೆ ಹೊಸ ವ್ಯವಸ್ಥೆ ಹಾಕಿಸ್ಕೋತೀಯಾ, ಇಲ್ಲ ಅಂಗಡಿ ಮುಚ್ತೀಯಾ? ಎರಡರಲ್ಲಿ ಒಂದು ಹೇಳು."

"ಶನಿವಾರ ಹೇಳ್ತೀನಿ."

ಶುಕ್ರವಾರ ಮಧ್ಯಾಹ್ನ ದೋಬ್ರಿಯ ಇಪ್ಪತ್ತು ಹಾಳೆ ಹೊರಗೆ ಬಂದವು. ಯೋನ್ಕಾ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲೆ ಪೇರಿಸಿದಳು. ಡಬ್ಬಿಯಲ್ಲಿ ಇನ್ನೂ ಕೊಂಚ ಶಾಯಿ ಉಳಿದಿತ್ತು. ಎಷ್ಟು ಸಾವಿರ ಹೆಸರು ಜೋಡಿಸಿದ್ದಳೋ, ತನ್ನ ಹೆಸರನ್ನು ಮಾತ್ರ ಆ ಅಕ್ಷರಗಳಲ್ಲಿ ಒಮ್ಮೆಯೂ ನೋಡಿಕೊಂಡಿರಲಿಲ್ಲ. ನಾಚಿಕೆಯೋ, ಹೆದರಿಕೆಯೋ. ಈಗ ಮುದ್ರಣಾಲಯದ ಗುರುತಿನ ಚೀಟಿಯಲ್ಲಿದ್ದ ತನ್ನ ಹಳೆಯ ಭಾವಚಿತ್ರ ಹಾಕಿದಳು, ಕಪ್ಪು ಅಂಚು ಕಟ್ಟಿದಳು, ಹೆಸರು ಒತ್ತಿದಳು. ಹುಟ್ಟಿದ ವರ್ಷ ಹಾಕಿ ಒಂದು ಗೆರೆ ಎಳೆದು ಮುಂದೆ ಖಾಲಿ ಬಿಟ್ಟಳು. ಕಲ್ಲಿನ ಮೇಲೆ ಮುಂಚೆಯೇ ಹೆಸರು ಕೆತ್ತಿಸಿಟ್ಟುಕೊಳ್ಳುವವರು ಊರಲ್ಲಿ ಎಷ್ಟೋ ಜನರಿದ್ದರು. ಇದೂ ಹಾಗೇ ಎಂದುಕೊಂಡಳು. ಹಾಳೆ ಬಂತು. ಅದನ್ನು ಒಣಗಲೆಂದು ಪೇರಿಸಿದ್ದರ ಮೇಲೆಯೇ ಇಟ್ಟು, ಬಾಲ್ಕನಿಯಲ್ಲಿ ಹೊಗೆಯಾಡುತ್ತಿದ್ದ ಮೆಣಸಿನಕಾಯಿ ತಿರುವಲು ಓಡಿದಳು.

ಅಷ್ಟರಲ್ಲಿ ವೆಲಿಕಾ ಬಂದು, "ತಗೊಂಡೆ ಕಣೇ!" ಎಂದು ಅಡುಗೆಮನೆಯಿಂದಲೇ ಕೂಗಿ, ಇಡೀ ಕಟ್ಟನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಇಳಿದು ಹೋಗಿದ್ದಳು. ಯೋನ್ಕಾ ಸಂಜೆ ನೋಡಿದಾಗ ಮೇಜಿನ ಮೇಲೆ ತನ್ನ ಹಾಳೆಯೂ ಇರಲಿಲ್ಲ. ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು: ಕಣ್ಣಿಗೆ ಬೀಳದೆ ಇರುತ್ತದೆಯೇ, ನೋಡಿ ತಂದುಕೊಡುತ್ತಾಳೆ.

ಬೆಳಿಗ್ಗೆ ಬಾಗಿಲು ಬಡಿದವಳು ಇಸ್ಕ್ರಾ. ಕಣ್ಣು ಕೆಂಪಗಾಗಿತ್ತು, ಕೈಯಲ್ಲಿ ಎರಡು ಬಿಳಿ ಸೇವಂತಿಗೆ. ಎರಡು ಹೂವು ಕೊಡುವುದು ಸತ್ತವರಿಗೆ. ಬದುಕಿರುವವರಿಗಾದರೆ ಒಂದೋ ಮೂರೋ.

"ಎರಡು ಹಿಡ್ಕೊಂಡು ಬಂದಿದ್ದೀಯಲ್ಲೇ, ಯಾರು ಹೋದ್ರು?" ಎಂದಳು ಯೋನ್ಕಾ.

"ನೀನೇ, ಚಿಕ್ಕಮ್ಮ! ಬಸ್ ನಿಲ್ದಾಣದ ಕಂಬದ ಮೇಲೆ ಅಂಟ್ಸವ್ರೆ. ಸತ್ತ ವರ್ಷಾನೇ ಅಚ್ಚಾಗಿಲ್ಲ. ಸಾಯೋ ಹೊತ್ತಲ್ಲೂ ಈ ಹಾಳು ಪ್ರಿಂಟರ್ ಅವಳಿಗೆ ಕೈಕೊಡ್ತಲ್ಲ ಅಂತ ದಾರಿ ಉದ್ದಕ್ಕೂ ಅತ್ಕೊಂಡು ಬಂದೆ!" ಒಂದು ಹೂವನ್ನು ಹಿಂದಕ್ಕೆ ಮರೆಮಾಡಿ ಇನ್ನೊಂದನ್ನು ಚಾಚಿದಳು. "ತಗೋ, ಒಂದು ನಿನಗೆ. ಇನ್ನೊಂದು ಆ ಪ್ರಿಂಟರಿಗೆ."

ಯೋನ್ಕಾ ಮನೆಯ ಚಪ್ಪಲಿಯಲ್ಲೇ ಇಳಿದು ಓಡಿದಳು.

ಕಂಬದ ಮೇಲೆ ಎರಡು ಕಾಗದ ಪಕ್ಕಪಕ್ಕ ಅಂಟಿದ್ದವು. ಎಡಕ್ಕೆ ದೋಬ್ರಿ, ಬಲಕ್ಕೆ ಇಪ್ಪತ್ತೇಳು ವರ್ಷದ ಯೋನ್ಕಾ. ಇಬ್ಬರ ಹೆಸರೂ ಒಂದೇ ಕೈಯ ಅಕ್ಷರದಲ್ಲಿ. ಹರಿದು ತೆಗೆಯಬೇಕೆಂದು ಬಂದವಳು ಕೈ ಎತ್ತಿದಂತೆಯೇ ನಿಂತಳು. ಮೈದಾ ಅಂಟು ಗಟ್ಟಿಯಾಗಿ ಹಿಡಿದಿತ್ತು, ತೆಗೆದರೆ ಚೂರುಚೂರಾಗುತ್ತಿತ್ತು. ಅದೇ ನೆಪ ಸಾಕಾಯಿತು ಅವಳಿಗೆ. ನೋಡಿದಳು, ನೋಡುತ್ತಲೇ ಇದ್ದಳು. ಬಸ್ಸು ಬಂದು ಹೋಯಿತು.

"ಅಯ್ಯೋ, ನನ್ನ ಕಣ್ಣು ಹಿಂಗೋಗ!" ಹಿಂದಿನಿಂದ ವೆಲಿಕಾಳ ದನಿ. ಎಡೆಗೆಂದು ಬೇಯಿಸಿದ ಗೋಧಿಯ ಪಾತ್ರೆ ಅವಳ ಕೈಯಲ್ಲಿತ್ತು, ಮೂಗಿನ ಮೇಲೆ ಈಗ ಕನ್ನಡಕ. "ನಿನ್ನೆ ಕನ್ನಡಕ ಮನೇಲೇ ಬಿಟ್ಟಿದ್ದೆ. ಎಲ್ಲಾದ್ರಲ್ಲೂ ಅವನೇ ಅಂದ್ಕೊಂಡು ಬಳಿದ್ಬಿಟ್ಟೆ. ಬೆಳಿಗ್ಗೆಯಿಂದ ಫೋನು, ಯೋನ್ಕಾ ಯಾವಾಗ ಹೋದ್ಲು ಅಂತ." ಹತ್ತಿರ ಬಂದು ಕಾಗದವನ್ನೂ ಯೋನ್ಕಾಳನ್ನೂ ನೋಡಿದಳು. "ಬದುಕಿರುವಾಗ್ಲೇ ಇದನ್ಯಾಕೆ ಮಾಡ್ಕೊಂಡೆ?"

ಸುಳ್ಳು ಹೇಳಬಹುದಿತ್ತು. ಯೋನ್ಕಾಳಿಗೆ ಸಾಕಾಗಿತ್ತು.

"ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಹಾಕ್ದಿದ್ರೆ ಕೆಲಸ ನಿಂತೋಗುತ್ತೆ. ಹಾಕಿದ್ರೆ ಈ ಅಕ್ಷರ ಇರಲ್ಲ. ನನ್ನ ಹೆಸರು ಇದರಲ್ಲೇ ಇರ್ಲಿ ಅನ್ನಿಸ್ತು."

"ದೋಬ್ರಿ ಅಕ್ಷರದಲ್ಲಿ."

"ಹೂಂ."

ವೆಲಿಕಾ ಪಾತ್ರೆಯನ್ನು ಬೆಂಚಿನ ಮೇಲಿಟ್ಟಳು. "ಎರಡು ಚಳಿಗಾಲ ಸೂಪು ತಣ್ಣಗಾದ್ಮೇಲೆ ಮನೆಗೆ ಬರ್ತಿದ್ದ. ಅಕ್ಷರ ಕೂಡಿಸ್ತಿದ್ವಿ ಅಂತಿದ್ದ."

"ಅಕ್ಷರಾನೇ ಕೂಡಿಸ್ತಿದ್ದದ್ದು."

"ಗೊತ್ತು ಕಣೇ. ಅದೇ ನನ್ನ ಕರ್ಮ. ಬೇರೆ ಏನಾದ್ರೂ ಇದ್ದಿದ್ರೆ ಒಂದಿನ ಜಗಳ ಆಡಿ, ನಿನ್ನ ಜುಟ್ಟು ಹಿಡಿದು ಮುಗಿಸ್ಬೋದಿತ್ತು. ಅಕ್ಷರದ ಹತ್ರ ಹೆಂಗೆ ಜಗಳ ಆಡ್ಲಿ?" ಕೈಚೌಕ ತೆಗೆದು ಮೂಗು ಒರೆಸಿಕೊಂಡಳು. ಆಮೇಲೆ ಯೋನ್ಕಾಳ ಕಡೆ ನೋಡದೆ ಹೇಳಿದಳು: "ನನ್ನದೂ ಒಂದು ಹಾಕ್ಕೊಡು. ಹಂಗೇ, ವರ್ಷ ಖಾಲಿ ಬಿಟ್ಟು."

ಡಬ್ಬಿಯಲ್ಲಿ ಒಂದು ಹಾಳೆಗಾಗುವಷ್ಟು ಶಾಯಿ ಇದ್ದರೆ ಇತ್ತು. ಆ ಒಂದು ಹಾಳೆಯಲ್ಲಿ ತನ್ನದನ್ನೇ ಮತ್ತೆ ತೆಗೆಯಬೇಕೆಂದು ಯೋನ್ಕಾ ಮೆಟ್ಟಿಲಿಳಿಯುವಾಗಲೇ ಲೆಕ್ಕ ಹಾಕಿಕೊಂಡಿದ್ದಳು. ಈಗ ಮನೆಯ ಕಡೆ ತಿರುಗಿದಳು. ವೆಲಿಕಾ ಪಾತ್ರೆ ಎತ್ತಿಕೊಂಡು ಹಿಂಬಾಲಿಸಿದಳು.

ಅಡುಗೆಮನೆಯಲ್ಲಿ ವೆಲಿಕಾ ಸ್ಟೂಲಿನ ತುದಿಯಲ್ಲಿ ಕೂತಳು. ಯೋನ್ಕಾ ಯಂತ್ರ ಒತ್ತಿದಳು, ಹಲಗೆ ಬಂತು, 'ಆಮೇಲೆ' ಎಂದಳು. ತನ್ನ ಹೆಸರನ್ನೇ ಒತ್ತಿ, ಆಮೇಲೆ ಶಾಯಿ ಮುಗಿದುಹೋಯ್ತು ಅಂದರೆ ಯಾರು ತಾನೇ ಕೇಳುತ್ತಾರೆ? ಪಕ್ಕದಲ್ಲಿ ವೆಲಿಕಾ ಪರದೆಯನ್ನೇ ನೋಡುತ್ತಿದ್ದಳು, ಕನ್ನಡಕದ ಮೇಲೆ ಮತ್ತೊಮ್ಮೆ ಕೈಯಿಟ್ಟು ಸರಿಪಡಿಸಿಕೊಳ್ಳುತ್ತ.

ಯೋನ್ಕಾ ವೆಲಿಕಾಳ ಹೆಸರಿನ ಮೊದಲ ಅಕ್ಷರ ಒತ್ತಿದಳು, ಆಮೇಲೆ ಎರಡನೆಯದು. ಎರಡೂ ಬಂದು ನಿಂತವು. ಆ ಜೋಡಿಯ ಸರದಿ ಬಂದ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು. ಬೇರೆ ಜೋಡಿಗೆಲ್ಲ ಅರ್ಧ ಗಂಟೆ ಕಣ್ಣು ಕಿರಿದು ಮಾಡಿ ಕೂರುತ್ತಿದ್ದ ದೋಬ್ರಿ ಅವತ್ತು ಪರದೆಯ ಕಡೆ ನೋಡಿರಲೇ ಇಲ್ಲ. ಕೋಟು ಹಾಕಿಕೊಳ್ಳುತ್ತಲೇ ಬಾಯಿಪಾಠ ಒಪ್ಪಿಸುವಂತೆ ಅಂಕಿ ಹೇಳಿಬಿಟ್ಟಿದ್ದ. ಯಾಕೆ ಎಂದು ಯೋನ್ಕಾ ಕೇಳಿರಲಿಲ್ಲ, ಒತ್ತಿದ್ದಳು. ಅಂಕಿ ಸರಿಯಾಗಿಯೇ ಇತ್ತು.

ಹಾಳೆ ನಿಧಾನವಾಗಿ ಹೊರಬಂತು. ಕೊನೆಯ ಸಾಲು ಬೂದಿಯ ಬಣ್ಣಕ್ಕೆ ತಿರುಗಿತ್ತು, ಹೆಸರು ಮಾತ್ರ ಕಡುಗಪ್ಪಾಗಿ ಬಂದಿತ್ತು. ವೆಲಿಕಾ ಅದನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ನಿನ್ನದು?" ಎಂದಳು ಬಾಗಿಲಲ್ಲಿ ನಿಂತು.

"ನನ್ನದು ಕಂಬದ ಮೇಲಿದೆಯಲ್ಲ."

"ಮಳೆ ಬಂದ್ರೆ ಹೋಗುತ್ತೆ."

"ಬರೋವರೆಗೂ ಇರ್ಲಿ."

ವೆಲಿಕಾ ಹೋದ ಮೇಲೆ ಯೋನ್ಕಾ ಕೆಳಗಿಳಿದು ಇಸ್ಕ್ರಾಳನ್ನು ಕರೆತಂದಳು. ಇಸ್ಕ್ರಾ ತಂತಿಗಳನ್ನು ಸಿಕ್ಕಿಸಿ, ಹೊಸ ಪ್ರಿಂಟರನ್ನು ಪೆಟ್ಟಿಗೆಯಿಂದ ತೆಗೆದು ಇಟ್ಟಳು. ಪರದೆಯ ಮೇಲೆ ಹಲಗೆ ಬಂತು.

"ಹಿಂದಕ್ಕೆ ತರೋಕಾಗಲ್ಲ ಚಿಕ್ಕಮ್ಮ. ನಾನು ಒತ್ಲಾ?"

"ನನ್ನ ಮನೆ ಕಂಪ್ಯೂಟರ್ರು. ನಾನೇ ಒತ್ತೀನಿ."

ಒತ್ತಿದಳು. ಪರದೆ ಕಪ್ಪಾಯಿತು, ಆಮೇಲೆ ನೀಲಿ ಚುಕ್ಕೆಗಳು ವೃತ್ತವಾಗಿ ಸುತ್ತತೊಡಗಿದವು.

"ಒಂದು ಗಂಟೆಯಾದ್ರೂ ಹಿಡಿಯುತ್ತೆ," ಎಂದಳು ಇಸ್ಕ್ರಾ. "ಕೂತ್ಕೊಂಡು ನೋಡ್ಬೇಡ, ಸುಮ್ನೆ ಹೊಟ್ಟೆ ಉರಿ. ಹೋಗಿ ರೊಟ್ಟಿಯಾದ್ರೂ ತಗೊಂಡು ಬಾ."

ರೊಟ್ಟಿ ಅಂಗಡಿ ಮನೆಯ ಹಿಂದೆಯೇ ಇತ್ತು. ಯೋನ್ಕಾ ಕೋಟು ಹಾಕಿಕೊಂಡಳು, ಕನ್ನಡಿಯ ಮುಂದೆ ನಿಂತು ಕೂದಲು ಒತ್ತಿಕೊಂಡಳು, ಚೀಲ ಹಿಡಿದು ಬಸ್ ನಿಲ್ದಾಣದ ದಾರಿ ಹಿಡಿದಳು.