ಮಾಳಿಗೆ ಮೇಲಿನ ನೀರು ತಣ್ಣಗಾದದ್ದು

ನನ್ನ ಗಂಡ ಮಾತು ಬಿಟ್ಟಿದ್ದರು. ಜಗಳವಾಡಿ ಬಿಟ್ಟಿದ್ದರೆ ನನಗೆ ಚಿಂತೆ ಇರಲಿಲ್ಲ, ಅಂಥ ಮೌನಕ್ಕೆ ಮದ್ದು ನನ್ನ ಹತ್ತಿರ ಇತ್ತು. ಇದು ಬೇರೆ. ಕುಷಾಯಿಗೂಡದ ಕಡೆ ಅವರು ದುಡಿಯುತ್ತಿದ್ದ ಸಣ್ಣ ಟ್ರಾನ್ಸ್‌ಫಾರ್ಮರ್ ಕಾರ್ಖಾನೆ ಮುಚ್ಚಿಹೋಗಿತ್ತು. ಹೈದರಾಬಾದಿನಲ್ಲಿ ಆಗ ಎಲ್ಲಿ ನೋಡಿದರೂ ಸಾಫ್ಟ್‌ವೇರಿನ ಮಾತು. ಮಲ್ಕಾಜ್‌ಗಿರಿಯ ನಮ್ಮ ಓಣಿಗೂ ಕಂಪನಿ ಕ್ಯಾಬುಗಳು ಬಂದು ಹಾರ್ನ್ ಹೊಡೆಯುತ್ತಿದ್ದವು. ಐವತ್ತು ದಾಟಿದ ಎಲೆಕ್ಟ್ರಿಕಲ್ ಫೋರ್‌ಮನ್ ಯಾರಿಗೆ ಬೇಕು? ಇವರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂತುಬಿಟ್ಟರು. ಏನು ಕೇಳಿದರೂ ತಲೆ ಆಡಿಸುವುದು, ಅಷ್ಟೇ.

ಅಷ್ಟರಲ್ಲಿ ಊರು ಬಿಟ್ಟು ಹೊರಟಿದ್ದ ಅವರ ಹಳೆಯ ಜೊತೆಗಾರರೊಬ್ಬರು ತಮ್ಮ ಮನೆಯಲ್ಲಿದ್ದ ಬಿಳಿ ಪೈಪುಗಳ ಸ್ಟ್ಯಾಂಡೊಂದನ್ನು ತಂದು ನಮ್ಮ ಮಾಳಿಗೆ ಮೇಲೆ ಇಳಿಸಿ ಹೋದರು. ಪೈಪಿನಲ್ಲಿ ತೂತು, ತೂತಿನಲ್ಲಿ ಗಿಡ, ಮಣ್ಣಿನ ಸುದ್ದಿಯೇ ಇಲ್ಲ. ಗೊಬ್ಬರ ಬೆರೆಸಿದ ನೀರು ಕೆಳಗಿನ ಡ್ರಮ್ಮಿನಿಂದ ಪಂಪಿನ ಬಲದಲ್ಲಿ ಮೇಲೇರಿ, ಬೇರು ತೋಯಿಸಿ, ಮತ್ತೆ ಡ್ರಮ್ಮಿಗೇ ಇಳಿಯುತ್ತದೆ. ಇವರು ಅದರಲ್ಲಿ ಲೆಟ್ಯೂಸ್ ಎಂಬ ಹಸಿಯಾಗೇ ತಿನ್ನುವ ಸೊಪ್ಪು ಹಾಕಿದರು. ಅದನ್ನು ಯಾರು ತಿನ್ನುತ್ತಾರೋ ದೇವರೇ ಬಲ್ಲ, ನಾವಂತೂ ರೊಟ್ಟಿ, ಪುಂಡಿಪಲ್ಲೆ ಜನ. ಆದರೆ ಚಳಿಗಾಲದಲ್ಲಿ ಎಲೆ ಸೊಂಪಾಗಿ ಬಂತು. ಅದರ ನೆಪದಲ್ಲಿ ಇವರ ಬಾಯಿಂದ ನಾಲ್ಕು ಮಾತೂ ಬಂದವು. ಅವತ್ತಿನಿಂದ ನಾನು ಆ ಎಲೆಯ ಬಗ್ಗೆ ಕೊಂಕಾಡುವುದನ್ನು ಬಿಟ್ಟೆ.

ಬೇಸಿಗೆ ಬಂದದ್ದೇ ತಡ, ಡ್ರಮ್ಮಿನ ನೀರು ಕಾದು ಬೇರುಗಳು ಕಂದಿ, ಲೋಳೆಯಾಗಿ, ನಾರತೊಡಗಿದವು. ಒಂದು ಬೆಳೆ ಪೂರಾ ಹೋಯಿತು. ಇವರು ಮತ್ತೆ ಸಸಿ ಹಚ್ಚಿದರು. ಹಚ್ಚಿ ಹೇಳಿದರು: "ಇದೂ ಹೋತಂದ್ರ ಪೈಪೆಲ್ಲಾ ಹಳೇ ಸಾಮಾನಿನ ಕಬಾಡಿಯವಗ ಕೊಡ್ತೀನಿ. ಮುಗೀತು." ನನಗೆ ಹೆದರಿಕೆಯಾಯಿತು. ಎಲೆ ಸತ್ತರೆ ಸಾಯಲಿ, ಈ ಮನುಷ್ಯ ಆ ಕುರ್ಚಿಗೆ ವಾಪಸು ಹೋದರೆ ಇನ್ನು ಎಬ್ಬಿಸುವುದು ನನ್ನಿಂದಾಗದು ಎಂದು ನನಗೆ ಖಾತ್ರಿಯಿತ್ತು.

ಅದಕ್ಕೇ ಚಿಲ್ಲರ್ ತಂದದ್ದು. ಮೀನಿನ ತೊಟ್ಟಿಯ ನೀರು ತಂಪು ಮಾಡುವ ಪೆಟ್ಟಿಗೆ ಅದು. ಮೆಹದಿಪಟ್ಟಣಂನ ಅಂಗಡಿಯವನು ತೊಟ್ಟಿ ಎಷ್ಟು ಲೀಟರ್ ಎಂದಷ್ಟೇ ಕೇಳಿದ. ಇವರು ಅಷ್ಟಕ್ಕೆ ಬಿಡುವವರೇ? ಡ್ರಮ್ಮಿನಲ್ಲಿ ಎಷ್ಟು ನೀರು, ಎಷ್ಟು ಡಿಗ್ರಿ ಇಳಿಸಬೇಕು, ಪೈಪಿನ ಮೇಲೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಎಲ್ಲವನ್ನೂ ಗುಣಿಸಿ ಭಾಗಿಸಿ, ಮೇಲೆ ಒಂದಿಷ್ಟು ಹೆಚ್ಚಿಗೆ ಹಿಡಿದು, ಅಳತೆಗೆ ತಕ್ಕ ಪೆಟ್ಟಿಗೆಯನ್ನೇ ಆರಿಸಿದರು.

ಪಂಪಿನ ವಿಷಯದಲ್ಲಿ ಮಾತ್ರ ಲೆಕ್ಕವೇ ಇರಲಿಲ್ಲ. ಅದು ನಮ್ಮ ಓಣಿಯ ರೋಗ. ನಲ್ಲಿಯಲ್ಲಿ ಮಂಜೀರಾ ನದಿಯ ನೀರು ದಿನ ಬಿಟ್ಟು ದಿನ, ಅದೂ ಸಣ್ಣಗೆ ಬರುತ್ತಿತ್ತು. ಯಾರ ಮೋಟರು ದೊಡ್ಡದೋ ಅವರ ಮನೆಗೆ ನೀರು. ಹಾಗಾಗಿ ಮೋಟರು ಎಂದರೆ ದೊಡ್ಡದೇ ಇರಬೇಕು ಎಂಬುದು ನಮಗೆಲ್ಲ ವೇದವಾಕ್ಯ. ಇವರು ನೀರಿನಲ್ಲಿ ಮುಳುಗಿಸಿಡುವ ಅರ್ಧ ಎಚ್‌ಪಿ ಮೋಟರು ತಂದು ಡ್ರಮ್ಮಿಗೆ ಇಳಿಸಿದ್ದರು. ನೀರು ರಭಸ ಹೆಚ್ಚಾಗಿ ಚಿಮ್ಮುತ್ತದೆಂದು ವಾಲ್ವನ್ನು ಮುಕ್ಕಾಲು ಬಿಗಿದಿದ್ದರು.

ಚಿಲ್ಲರ್ ಒಂದೇ ಸಮನೆ ಓಡಿತು. ನೀರಿನ ಬಿಸಿ ಇಳಿಯಲಿಲ್ಲ. ಇವರು ಡ್ರಮ್ಮಿಗೆ ಒದ್ದೆ ಗೋಣಿಚೀಲ ಸುತ್ತಿದರು, ಪೈಪಿಗೆ ನೆರಳು ಕಟ್ಟಿದರು, ಥರ್ಮಾಮೀಟರು ಕೆಟ್ಟಿರಬೇಕೆಂದು ಬೇರೆ ತಂದರು. ಅದೂ ಅದನ್ನೇ ಹೇಳಿತು. ಇವರ ಮಾತು ಮತ್ತೆ ಕಡಿಮೆಯಾಗುತ್ತ ಬಂತು.

ಒಂದು ಬೆಳಿಗ್ಗೆ ಬಿಸಿಲೇರುವ ಮುಂಚೆ ಸಂಡಿಗೆ ಇಡಲು ಮೇಲೆ ಹೋದೆ. ಇವರು ಡ್ರಮ್ಮಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ತಡೆಯಲಾರದೆ ನಾನೂ ನೀರಿಗೆ ಕೈ ಹಾಕಿದೆ.

"ಬಿಸ್ಲು ಇನ್ನೂ ಬಿದ್ದಿಲ್ಲ, ಗಾಳಿ ತಣ್ಣಗೈತಿ. ಈ ನೀರು ಯಾಕ ಬೆಚ್ಚಗೈತ್ರಿ?"

"ಅದ ತಿಳೀವಲ್ದು," ಎಂದರು.

ಕೈಯನ್ನು ಇನ್ನೂ ಕೆಳಗೆ ಬಿಟ್ಟೆ. "ಇಲ್ಲಿ ಭಾಳ ಬಿಸಿ ಐತಿ. ನಿಮ್ಮ ಮೋಟರಿಗೆ ಜ್ವರ ಬಂದಂಗ ಐತಲ್ರಿ."

"ಕೈ ತೆಗಿ ಮೊದ್ಲು. ಕರೆಂಟ್ ಹೊಡಿತೈತಿ," ಎಂದು ಗದರಿದರು. ಪ್ಲಗ್ ಕಿತ್ತು, ತಾವೇ ಮೊಣಕೈವರೆಗೆ ಕೈ ಇಳಿಸಿ ಮೋಟರನ್ನು ಸವರಿದರು. ಸವರುತ್ತಲೇ ಇದ್ದರು. ಆಮೇಲೆ ಏನೂ ಹೇಳದೆ ಎದ್ದು, ಕೈ ಒರೆಸಿಕೊಳ್ಳದೆ ಕೆಳಗಿಳಿದು ಹೋದರು.

ಮುಗಿಯಿತು, ಕುರ್ಚಿಗೆ ಹೋದರು ಎಂದುಕೊಂಡೆ. ಸಂಡಿಗೆ ಹಿಟ್ಟು ಹಾಗೇ ಬಿಟ್ಟು ಹಿಂದೆಯೇ ಇಳಿದೆ. ಕುರ್ಚಿ ಖಾಲಿ ಇತ್ತು. ಮಲಗುವ ಕೋಣೆಯಲ್ಲಿ ಇವರು ನಮ್ಮ ಏರ್ ಕೂಲರಿನ ಬೆನ್ನು ಬಿಚ್ಚಿ, ಹುಲ್ಲಿನ ಪರದೆಗೆ ನೀರು ಹಾಯಿಸುವ ಪಂಪನ್ನು ಹೊರಗೆಳೆದಿದ್ದರು. ಅದು ಅಂಗೈಯಗಲ ಇತ್ತು.

"ಕಾರ್ಖಾನಿಯಾಗ ಮೋಟರ್ ಹೊರಗ ಇರ್ತಿದ್ವು. ಅದರ ಬಿಸಿ ಗಾಳಿಗೆ ಹೋಗ್ತಿತ್ತು," ಎಂದರು. "ಇದು ನೀರಾಗ ಮುಳುಗೈತಿ. ಬಿಸಿ ಎಲ್ಲಿಗೆ ಹೋಗಬೇಕು ಹೇಳು."

"ನೀರಿಗೇ."

"ಹಾಂ. ಆ ಪೆಟ್ಟಿಗಿ ತಂಪು ಮಾಡೂದು, ಈ ಮೋಟರ್ ಕಾಯಿಸೂದು. ಬಿಸ್ಲಿನ ಲೆಕ್ಕ ಹಿಡದೆ, ಮೋಟರಿನ ಲೆಕ್ಕ ಬಿಟ್ಟೆ."

"ಮತ್ತ ಇನ್ನೂ ದೊಡ್ಡ ಚಿಲ್ಲರ್ ತರಬೇಕೇನ್ರಿ?"

"ಬ್ಯಾಡ. ಮೋಟರ್ ಸಣ್ಣದಾಗಬೇಕು. ನೀರು ಎದಿಮಟ ಏರಿದ್ರ ಸಾಕು, ಅದಕ್ಕ ಇಷ್ಟು ಪಂಪ್ ಸಾಕು. ಮೊದ್ಲು ಇದನ್ನ ಹಚ್ಚಿ ನೋಡೂಣು."

ಹೈದರಾಬಾದಿನ ಮೇ ತಿಂಗಳಲ್ಲಿ ಕೂಲರಿನ ಪಂಪು ಕಿತ್ತ ಗಂಡನನ್ನು ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಅವತ್ತು ಬಗ್ಗಿ ಉರುಳಿಹೋದ ಸ್ಕ್ರೂಗಳನ್ನು ಹೆಕ್ಕಿಕೊಟ್ಟೆ.

ಮಧ್ಯಾಹ್ನ ಊಟಕ್ಕೆ ಮುಂಚೆ ಇಬ್ಬರೂ ಮೇಲೆ ಹೋಗಿ ನೋಡಿದೆವು. ಸುಡುವ ಬಿಸಿಲಿನಲ್ಲೂ ನೀರು ತಣ್ಣಗಿತ್ತು. ಸಸಿಯೊಂದನ್ನು ಎತ್ತಿ ತೋರಿಸಿದರು. ಬೇರು ಬೆಳ್ಳಗಿತ್ತು. ಚಿಲ್ಲರ್ ತನ್ನ ಕೆಲಸ ಮುಗಿಸಿ ತಾನಾಗಿ ನಿಂತಿತ್ತು. ಅದು ಹಾಗೆ ನಿಂತದ್ದನ್ನು ನಾವು ನೋಡಿದ್ದು ಅದೇ ಮೊದಲು. ಅಬ್ಬಾ, ನಾನು ಬದುಕಿಕೊಂಡೆ ಅನ್ನಿಸಿತು.

ಊಟ ಮಾಡಿ ಬರೀ ನೆಲದ ಮೇಲೆ ಅಡ್ಡಾದೆವು. ಪಂಪಿಲ್ಲದ ಕೂಲರು ಒಲೆಯ ಮುಂದಿನ ಝಳದಂಥ ಗಾಳಿ ಬೀಸುತ್ತಿತ್ತು. ಇವರು ಶುರು ಮಾಡಿದರು: ಅರ್ಧ ಎಚ್‌ಪಿ ಅಂದರೆ ಎಷ್ಟು ವ್ಯಾಟ್, ವಾಲ್ವ್ ಬಿಗಿದರೂ ಮೋಟರು ಯಾಕೆ ಕಾಯುತ್ತದೆ, ಚಿಲ್ಲರಿನೊಳಗೆ ನೀರು ಎಷ್ಟು ನಿಧಾನ ಹೋಗಬೇಕು. ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅಲುಗಾಡಿದರೆ ಎಲ್ಲಿ ಮಾತು ನಿಲ್ಲುತ್ತದೋ ಎಂದು ಸುಮ್ಮನೆ ಮಲಗಿದ್ದೆ.

ನಡುವೆ ತಡೆದು ನನ್ನ ಮುಖ ನೋಡಿದರು. "ಭಾಳ ಸೆಕಿ ಆಗಾಕತ್ತೈತಿ ನಿನಗ. ಈಗ ಹೋಗಿ ಕೂಲರಿಗೆ ಬ್ಯಾರೆ ಪಂಪ್ ತಂದುಬಿಡ್ತೀನಿ."

"ನಾಳಿಗಿ ತಂದ್ರಾತು," ಎಂದೆ. "ನೀವು ಹೇಳ್ರಿ."